ಗಡ್ಡೆಗಿಂತ ಮೊದಲು ಪಳಗಬೇಕಾದ ರಕ್ತದೊತ್ತಡ

ನನ್ನ ಬಲಭಾಗದ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದಿದ್ದ, ಅಡ್ರಿನಾಲಿನ್ ಸುರಿಸಿ ರಕ್ತದೊತ್ತಡ ಏರಿಸುವ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆಯನ್ನು ತೆಗೆದು ಇಂದಿಗೆ ಆರು ವಾರಗಳಾದವು. ಹೊಟ್ಟೆಯ ಮೇಲಿನ ನಾಲ್ಕು ಸಣ್ಣ ಗಾಯಗಳು ಮಾಗಿವೆ, ಮಾತ್ರೆಯ ಹಂಗಿಲ್ಲದೆ ರಕ್ತದೊತ್ತಡ ಹತೋಟಿಯಲ್ಲಿದೆ. ಶಸ್ತ್ರಚಿಕಿತ್ಸೆ ನಡೆದದ್ದು ಮೂರು ಗಂಟೆ. ಅದಕ್ಕೆ ನನ್ನನ್ನು ಅಣಿಗೊಳಿಸಲು ಹಿಡಿದದ್ದು ಮೂರು ವಾರಕ್ಕೂ ಹೆಚ್ಚು. ಗಡ್ಡೆ ಇರುವುದು ಖಚಿತವಾದ ಮೇಲೂ ವೈದ್ಯರು ಏಕೆ ಕಾಯಿಸುತ್ತಿದ್ದಾರೆ ಎಂದು ಮನೆಯಲ್ಲಿ ಎಲ್ಲರೂ ಕಂಗೆಟ್ಟಿದ್ದೆವು, ನಾನಂತೂ ಒಮ್ಮೆ ಬೇರೆ ಆಸ್ಪತ್ರೆಗೆ ಹೋಗಿಬಿಡುವ ನಿರ್ಧಾರಕ್ಕೂ ಬಂದಿದ್ದೆ. ಆ ಕಾಯುವಿಕೆಯೇ ಚಿಕಿತ್ಸೆಯ ಅರ್ಧ ಭಾಗ ಎಂಬುದು ತಿಳಿದದ್ದು ತಡವಾಗಿ. ಇದೇ ದಾರಿಯಲ್ಲಿ ಈಗ ಕಾಲಿಟ್ಟಿರುವವರಿಗೆ ಅದು ಮೊದಲೇ ತಿಳಿದಿರಲಿ ಎಂಬ ಕಾರಣಕ್ಕೆ, ನೆನಪು ಮಾಸುವ ಮುನ್ನ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ನಾನು ವೈದ್ಯರ ವೃತ್ತಿಯವರಲ್ಲ. ಇಲ್ಲಿ ಬರುವ ಔಷಧಗಳ ಪ್ರಮಾಣ ನನಗೆ ಕೊಟ್ಟದ್ದು, ನಿಮಗೆ ಕೊಡುವುದು ಬೇರೆಯೇ ಇರಬಹುದು.

ಎರಡು ವರ್ಷಗಳಿಂದ ನನಗೆ ಆಗಾಗ ಒಂದು ಬಗೆಯ ದಾಳಿ ಬರುತ್ತಿತ್ತು. ಬಗ್ಗಿ ಏನನ್ನಾದರೂ ಎತ್ತಿಕೊಳ್ಳುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಎದೆ ಡವಡವನೆ ಹೊಡೆದುಕೊಳ್ಳತೊಡಗಿ, ತಲೆ ಸಿಡಿಯುವಂತೆ ನೋಯುತ್ತಿತ್ತು, ಅಂಗಿ ತೊಯ್ದು ಮೈಗೆ ಅಂಟುವಷ್ಟು ಬೆವರು ಬರುತ್ತಿತ್ತು. ಮುಖ ಸುಣ್ಣದಂತೆ ಬಿಳಿಚಿಕೊಳ್ಳುತ್ತಿತ್ತು ಎಂದು ನೋಡಿದವರು ಹೇಳುತ್ತಿದ್ದರು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಇಳಿದು, ಮೈಯಲ್ಲಿ ಜೀವವಿಲ್ಲದಂತಾಗುತ್ತಿತ್ತು. ವೈದ್ಯರ ಎದುರು ಕುಳಿತಾಗ ಮಾತ್ರ ರಕ್ತದೊತ್ತಡ 130/84 ತೋರಿಸುತ್ತಿತ್ತು. ಇದು ಮನಸ್ಸಿನ ಆತಂಕ ಎಂದು ಒಬ್ಬರು, ನಿದ್ರೆಯ ಕೊರತೆ ಎಂದು ಇನ್ನೊಬ್ಬರು ಹೇಳಿದರು. ಕೊನೆಗೆ ಎದೆಬಡಿತ ತಗ್ಗಿಸಲೆಂದು ಬೀಟಾ ಬ್ಲಾಕರ್ ಮಾತ್ರೆಯನ್ನು ಬರೆದುಕೊಟ್ಟರು.

ಆ ಮಾತ್ರೆಯ ಎರಡನೆಯ ದಿನವನ್ನು ನಾನು ಮರೆಯಲಾರೆ. ಎದೆಬಡಿತವೇನೋ ಸ್ವಲ್ಪ ತಗ್ಗಿತ್ತು, ಆದರೆ ಹಿಂದೆಂದೂ ಕಾಣದ ತಲೆನೋವು ಹತ್ತಿ ಕಣ್ಣು ಮಂಜಾಯಿತು. ಮನೆಯ ಯಂತ್ರದಲ್ಲಿ 214/122 ಬಂತು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ತೋಳಿಗೆ ಕಟ್ಟಿದರೆ ಅಲ್ಲಿಯೂ 208. ತುರ್ತು ಚಿಕಿತ್ಸೆಗೆ ಓಡಬೇಕಾಯಿತು. ಇದರ ಕಾರಣ ತಿಳಿದದ್ದು ಎಷ್ಟೋ ತಿಂಗಳ ನಂತರ. ಅಡ್ರಿನಾಲಿನ್ ಗುಂಪಿನ ರಾಸಾಯನಿಕಗಳಿಗೆ ರಕ್ತನಾಳಗಳ ಗೋಡೆಯಲ್ಲಿ ಅಂಟಿಕೊಳ್ಳಲು ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿರುತ್ತವೆ: ಆಲ್ಫಾ ನಾಳವನ್ನು ಬಿಗಿಯುತ್ತದೆ, ಬೀಟಾ ಕೆಲವೆಡೆ ಸಡಿಲಿಸುತ್ತದೆ. ಬೀಟಾ ಬ್ಲಾಕರ್ ಸಡಿಲಿಸುವುದನ್ನು ಮಾತ್ರ ಮುಚ್ಚಿದರೆ ಬಿಗಿಯುವುದಕ್ಕೆ ಎದುರೇ ಇಲ್ಲದಂತಾಗಿ ಒತ್ತಡ ಒಮ್ಮೆಲೇ ಏರುತ್ತದೆ. ಈ ಗಡ್ಡೆ ಇರುವವರಿಗೆ ಆಲ್ಫಾ ಬ್ಲಾಕರ್ ಕೊಡದೆ ಬೀಟಾ ಬ್ಲಾಕರ್ ಕೊಡಬಾರದು ಎಂಬುದು ಈ ಚಿಕಿತ್ಸೆಯ ಮೊದಲ ಪಾಠವಂತೆ. ಬರೆದುಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಗಡ್ಡೆಯ ಸುಳಿವು ಆಗ ಯಾರಿಗೂ ಇರಲಿಲ್ಲ. ಆದರೆ ಒಂದು ಮಾತ್ರೆ ನಿಮ್ಮ ರಕ್ತದೊತ್ತಡವನ್ನು ಇಳಿಸುವ ಬದಲು ಏರಿಸಿದರೆ, ದಯವಿಟ್ಟು ಅದನ್ನು ದಿನಾಂಕ, ಗಂಟೆ, ಅಂಕಿಗಳ ಸಮೇತ ಬರೆದಿಟ್ಟು ಮುಂದಿನ ವೈದ್ಯರಿಗೆ ತೋರಿಸಿ. ನನ್ನ ವಿಷಯದಲ್ಲಿ ಅಂತಃಸ್ರಾವ (ಹಾರ್ಮೋನು) ತಜ್ಞೆಯ ಕಣ್ಣು ಮೊದಲು ನಿಂತದ್ದು ಆ ಒಂದು ಸಾಲಿನ ಮೇಲೆಯೇ.

ಗಡ್ಡೆ ಸಿಕ್ಕಿದ್ದು ಬೇರೆ ಯಾವುದೋ ಹೊಟ್ಟೆನೋವಿಗೆಂದು ಮಾಡಿಸಿದ ಸ್ಕ್ಯಾನ್‌ನಲ್ಲಿ. ಬಲಗಡೆಯ ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ 4.6 ಸೆಂಟಿಮೀಟರ್ ಗಾತ್ರದ ಗಡ್ಡೆ ಎಂದು ವರದಿ ಬಂತು. ಸೂಜಿ ಚುಚ್ಚಿ ತುಣುಕು ತೆಗೆದು ಪರೀಕ್ಷಿಸೋಣ ಎಂಬ ಸಲಹೆಯೂ ಮೊದಲ ಕಡೆ ಬಂದಿತ್ತು, ಅದಕ್ಕೆ ದಿನವೂ ಗೊತ್ತಾಗಿತ್ತು. ಅಂತಃಸ್ರಾವ ತಜ್ಞೆ ಅದನ್ನು ಕೇಳಿದೊಡನೆ ಬೇಡವೆಂದರು. ಅಡ್ರಿನಲ್ ಗಡ್ಡೆ ಹಾರ್ಮೋನು ಸುರಿಸುತ್ತಿದೆಯೇ ಎಂಬುದನ್ನು ರಕ್ತದಲ್ಲೋ ಮೂತ್ರದಲ್ಲೋ ನೋಡುವ ಮುನ್ನ ಅದಕ್ಕೆ ಸೂಜಿ ತಾಗಿಸಿದರೆ, ಒಳಗಿರುವುದೆಲ್ಲ ಒಮ್ಮೆಲೇ ರಕ್ತಕ್ಕೆ ಸೇರಿ ಪ್ರಾಣಕ್ಕೇ ಕುತ್ತು ಬರಬಹುದು. ಅವರ ಅನುಮಾನ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆಯ ಮೇಲಿತ್ತು. ಅಡ್ರಿನಲ್ ಗ್ರಂಥಿಯ ತಿರುಳಿನಲ್ಲಿ ಹುಟ್ಟುವ ಇದು ಅಡ್ರಿನಾಲಿನ್ ಮತ್ತು ನಾರ್‌ಅಡ್ರಿನಾಲಿನ್‌ಗಳನ್ನು ಲಂಗುಲಗಾಮಿಲ್ಲದೆ ಸುರಿಸುತ್ತದೆ. ನನ್ನ ಎರಡು ವರ್ಷಗಳ ದಾಳಿಗಳಿಗೆ ಅಂದು ಒಂದು ಹೆಸರು ಸಿಕ್ಕಿತು. ಹೆದರಿಕೆಯಾಯಿತು ನಿಜ, ಆದರೆ ಇದೆಲ್ಲ ನನ್ನ ಮನಸ್ಸಿನ ಕಲ್ಪನೆಯಲ್ಲ ಎಂದು ತಿಳಿದಾಗ ಕಣ್ಣೀರು ತಡೆಯಲಾಗಲಿಲ್ಲ.

ಖಚಿತಪಡಿಸುವ ಪರೀಕ್ಷೆಯ ಹೆಸರು ಪ್ಲಾಸ್ಮಾ ಮೆಟಾನೆಫ್ರಿನ್. ಅಡ್ರಿನಾಲಿನ್ ರಕ್ತದಲ್ಲಿ ಬಂದು ಹೋಗುತ್ತಿರುತ್ತದೆ, ಅದರ ವಿಭಜನೆಯಿಂದ ಹುಟ್ಟುವ ಮೆಟಾನೆಫ್ರಿನ್‌ಗಳನ್ನು ಗಡ್ಡೆ ಸದಾ ಹೊರಬಿಡುತ್ತಿರುತ್ತದೆ, ಆದ್ದರಿಂದ ದಾಳಿಯಿಲ್ಲದ ಹೊತ್ತಿನಲ್ಲೂ ಅವು ಸಿಕ್ಕಿಬೀಳುತ್ತವೆ. ಇಲ್ಲಿ ನನಗೆ ಅನಗತ್ಯವಾಗಿ ಹತ್ತೊಂಬತ್ತು ದಿನಗಳು ಹೋದವು. ಮೊದಲ ಸಲ ಪ್ರಯೋಗಾಲಯದವರು ಎಲ್ಲರಿಗೂ ಮಾಡುವಂತೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ರಕ್ತ ತೆಗೆದರು. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ದೂರದ ಪ್ರಯೋಗಾಲಯಕ್ಕೆ ಕಳಿಸಿ, ಹತ್ತು ದಿನ ಕಾಯಿಸಿ, ವರದಿ ಕೊಟ್ಟರು. ತಜ್ಞೆ ಅದನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ಮಲಗಿಸಿ ತೆಗೆದರು?" ಕನಿಷ್ಠ ಇಪ್ಪತ್ತರಿಂದ ಮೂವತ್ತು ನಿಮಿಷ ಅಂಗಾತ ಮಲಗಿದ ಮೇಲೆಯೇ ರಕ್ತ ತೆಗೆಯಬೇಕು, ಕುಳಿತು ಕೊಟ್ಟರೆ ಗಡ್ಡೆಯಿಲ್ಲದವರಲ್ಲೂ ಅಂಕಿ ಏರಬಹುದು. ಕೆಲವು ಪರೀಕ್ಷಾ ವಿಧಾನಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಫಲಿತಾಂಶವನ್ನು ಕೆಡಿಸುತ್ತದೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಅಷ್ಟೇ. ನಾನು ತಲೆನೋವಿಗೆ ಹಿಂದಿನ ರಾತ್ರಿಯಷ್ಟೇ ಪ್ಯಾರಾಸಿಟಮಾಲ್ ನುಂಗಿದ್ದೆ. ಎಲ್ಲವನ್ನೂ ಮತ್ತೆ ಮಾಡಿಸಬೇಕಾಯಿತು, ದುಡ್ಡೂ ಎರಡು ಸಲ ಕಟ್ಟಬೇಕಾಯಿತು. ಈ ಪರೀಕ್ಷೆಗೆ ಹೋಗುವ ಮುನ್ನ ದೂರವಾಣಿಯಲ್ಲಿ "ಮಲಗಿಸಿ ತೆಗೆಯುವ ವ್ಯವಸ್ಥೆ ಇದೆಯೇ" ಎಂದು ಕೇಳಿ, ನೀವು ಸೇವಿಸುವ ಪ್ರತಿಯೊಂದು ಮಾತ್ರೆಯ ಪಟ್ಟಿಯನ್ನು ವೈದ್ಯರಿಗೆ ಒಪ್ಪಿಸಿ. ಎರಡನೆಯ ವರದಿಯಲ್ಲಿ, ಮೆಟಾನೆಫ್ರಿನ್ ಗುಂಪಿನದೇ ಆದ ನನ್ನ ನಾರ್‌ಮೆಟಾನೆಫ್ರಿನ್ ಸಹಜ ಮಿತಿಯ ಏಳು ಪಟ್ಟು ಇತ್ತು. ಆ ಮೇಲೆ ಅನುಮಾನಕ್ಕೆ ಎಡೆಯಿರಲಿಲ್ಲ. ಗಡ್ಡೆ ಬೇರೆಡೆ ಹಬ್ಬಿದೆಯೇ ಎಂದು ನೋಡುವ ಇನ್ನೊಂದು ಸ್ಕ್ಯಾನ್ ಒಂದು ವಾರ ತೆಗೆದುಕೊಂಡಿತು; ಬಲಗಡೆಯ ಒಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಇನ್ನು ಮರುದಿನವೇ ಶಸ್ತ್ರಚಿಕಿತ್ಸೆ ಎಂದುಕೊಂಡು ಚೀಲ ಕಟ್ಟಿಕೊಂಡೇ ಶಸ್ತ್ರವೈದ್ಯರ ಬಳಿ ಹೋದೆ. ಅವರು ಗಡ್ಡೆಯ ಚಿತ್ರವನ್ನು ನೋಡಿ ಬದಿಗಿಟ್ಟು, "ಇದನ್ನು ತೆಗೆಯುವುದು ನನಗೆ ಕಷ್ಟವಲ್ಲ. ಇದನ್ನು ಮುಟ್ಟಿದಾಗ ನಿಮ್ಮ ರಕ್ತನಾಳಗಳು ಏನು ಮಾಡುತ್ತವೆ ಎಂಬುದೇ ನಮ್ಮ ಚಿಂತೆ" ಎಂದರು. ಸಿದ್ಧತೆಯಿಲ್ಲದ ದೇಹದಲ್ಲಿ ಗಡ್ಡೆಗೆ ಕೈ ಹಾಕಿದರೆ ಒತ್ತಡ ಕ್ಷಣಗಳಲ್ಲಿ 250 ದಾಟಬಹುದು; ಮಿದುಳಿನಲ್ಲಿ ರಕ್ತಸ್ರಾವ, ಹೃದಯಾಘಾತ, ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು, ಯಾವುದೂ ಆಗಬಹುದು. ಗಡ್ಡೆಯ ರಕ್ತನಾಳವನ್ನು ಕಟ್ಟಿದ ಮರುಗಳಿಗೆಯಲ್ಲಿ ಅದೇ ಒತ್ತಡ ಪಾತಾಳಕ್ಕೆ ಇಳಿಯಬಹುದು. ಆದ್ದರಿಂದ ಆಲ್ಫಾ ಬ್ಲಾಕರ್ ಮಾತ್ರೆಯಿಂದ ನಾಳಗಳನ್ನು ಮೊದಲು ಸಡಿಲಗೊಳಿಸಬೇಕು, ಅದಕ್ಕೆ ಏಳರಿಂದ ಹದಿನಾಲ್ಕು ದಿನಗಳಾದರೂ ಬೇಕು, ನನ್ನ ಅಂಕಿಗಳನ್ನು ನೋಡಿದರೆ ಹೆಚ್ಚೂ ಬೇಕಾಗಬಹುದು ಎಂದರು. ಆ ದಿನ ಹೊರಬರುವಾಗ ನನಗೆ ಸಮಾಧಾನವಾಗಲಿಲ್ಲ. ಮೈಯೊಳಗೆ ಸ್ಫೋಟಕವಿಟ್ಟುಕೊಂಡು ಮನೆಗೆ ಮರಳುವುದು ಹೇಗೆ ಎಂಬುದೊಂದೇ ಯೋಚನೆಯಿತ್ತು.

ಬರೆದುಕೊಟ್ಟ ಮಾತ್ರೆ ಫಿನಾಕ್ಸಿಬೆನ್ಜಮೈನ್. ಬಹಳ ಕಡಿಮೆ ಜನರಿಗೆ ಬೇಕಾಗುವ ಹಳೆಯ ಔಷಧವಾದ್ದರಿಂದ ಎಲ್ಲ ಔಷಧದಂಗಡಿಗಳಲ್ಲೂ ಇರುವುದಿಲ್ಲ. ಅಂಗಡಿಯಿಂದ ಅಂಗಡಿಗೆ ಅಲೆದು, ಆಸ್ಪತ್ರೆಯ ಔಷಧಾಲಯದಿಂದಲೇ ತರಿಸಿಕೊಳ್ಳುವಷ್ಟರಲ್ಲಿ ಮೂರು ದಿನಗಳು ಕಳೆದವು. ಸಿಗದಿದ್ದರೆ ಇನ್ನೊಂದು ಆಲ್ಫಾ ಬ್ಲಾಕರ್ ಆದ ಡಾಕ್ಸಜೋಸಿನ್ ಕೊಡುತ್ತೇನೆ, ಹೆದರಬೇಡಿ ಎಂದು ತಜ್ಞೆ ಧೈರ್ಯ ಹೇಳಿದ್ದರು. ಇವೆರಡನ್ನೂ ಹೋಲಿಸಿ ನೆದರ್ಲೆಂಡ್ಸ್‌ನಲ್ಲಿ 134 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಒತ್ತಡ ಮಿತಿಯಿಂದ ಹೊರಗಿದ್ದ ಅವಧಿಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲವಂತೆ. ಒಟ್ಟಾರೆ ಏರಿಳಿತವನ್ನು ತಡೆಯುವುದರಲ್ಲಿ ಮಾತ್ರ ಫಿನಾಕ್ಸಿಬೆನ್ಜಮೈನ್ ಸ್ವಲ್ಪ ಮುಂದಿತ್ತಂತೆ. ಈ ಮಾತ್ರೆಗೆ ಅಲೆಯುತ್ತಿರುವವರು ಅದಕ್ಕಾಗಿ ದಿನಗಟ್ಟಲೆ ಕಂಗಾಲಾಗುವ ಬದಲು, ಬದಲಿ ಔಷಧದ ಬಗ್ಗೆ ವೈದ್ಯರನ್ನು ಮೊದಲ ದಿನವೇ ಕೇಳಿಬಿಡುವುದು ಒಳ್ಳೆಯದು.

ದಿನಕ್ಕೆರಡು ಬಾರಿ ಹತ್ತು ಮಿಲಿಗ್ರಾಂನಿಂದ ಆರಂಭಿಸಿ, ಎರಡು ಮೂರು ದಿನಗಳಿಗೊಮ್ಮೆ ಏರಿಸುತ್ತ ಹೋದರು. ಮೂರನೆಯ ದಿನ ಮೂಗು ಕಟ್ಟಿಕೊಂಡಿತು. ನೆಗಡಿಯೆಂದು ತಿಳಿದು ಮೂಗಿಗೆ ಹಾಕುವ ಹನಿಮದ್ದನ್ನು ಕೈಗೆತ್ತಿಕೊಂಡಿದ್ದೆ. ಅದೃಷ್ಟಕ್ಕೆ, ಹಾಕುವ ಮೊದಲು ಯಾಕೋ ಅನುಮಾನ ಬಂದು ಆಸ್ಪತ್ರೆಗೆ ಕರೆ ಮಾಡಿದೆ. ಮೂಗು ಕಟ್ಟುವುದು ಮಾತ್ರೆ ಕೆಲಸ ಮಾಡುತ್ತಿದೆ ಎಂಬುದರ ಗುರುತು, ಒಳಗಿನ ನಾಳಗಳು ಅಗಲವಾದಂತೆ ಮೂಗಿನ ನಾಳಗಳೂ ಅಗಲವಾಗಿವೆ, ಅದನ್ನು ಬಿಡಿಸುವ ಹನಿಗಳೂ ನೆಗಡಿ ಮಾತ್ರೆಗಳೂ ನಾಳವನ್ನು ಬಿಗಿಯುವಂಥವು, ಮುಟ್ಟಲೇಬಾರದು ಎಂದರು. ಅಂದೇ ಒಂದು ಕಾರ್ಡಿನಲ್ಲಿ ನನಗೆ ಕೂಡದ ಔಷಧಗಳನ್ನು ಬರೆಸಿಕೊಂಡು ಚೀಲದಲ್ಲಿಟ್ಟುಕೊಂಡೆ: ಮೂಗು ಬಿಡಿಸುವ ಔಷಧಗಳು, ವಾಂತಿಗೆ ಸಾಮಾನ್ಯವಾಗಿ ಚುಚ್ಚುವ ಮೆಟೊಕ್ಲೊಪ್ರಮೈಡ್, ಗ್ಲೂಕಗಾನ್, ವೈದ್ಯರನ್ನು ಕೇಳದೆ ಸ್ಟೀರಾಯ್ಡ್. ಯಾವುದಾದರೂ ಕಾರಣಕ್ಕೆ ನಡುವೆ ತುರ್ತು ಚಿಕಿತ್ಸೆಗೆ ಹೋಗಬೇಕಾಗಿ ಬಂದರೆ, ಅಲ್ಲಿರುವವರಿಗೆ ನಿಮ್ಮ ಗಡ್ಡೆಯ ವಿಷಯ ಗೊತ್ತಿರುವುದಿಲ್ಲ.

ಐದನೆಯ ದಿನ ಬೆಳಗ್ಗೆ ಹಾಸಿಗೆಯಿಂದ ಎದ್ದವನಿಗೆ ಕಣ್ಣು ಕತ್ತಲಿಟ್ಟು, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ನೆಲಕ್ಕೆ ಜಾರಿದೆ. ನಿಂತಾಗ ರಕ್ತದೊತ್ತಡ 84ಕ್ಕೆ ಇಳಿದಿತ್ತು. ಇಷ್ಟು ದಿನ ಏರುತ್ತದೆಂದು ಹೆದರಿದ್ದವನಿಗೆ ಇಳಿಯುವ ಭಯ ಶುರುವಾಯಿತು. ತಜ್ಞೆ ಇದನ್ನು ಹೀಗೆ ವಿವರಿಸಿದರು: ವರ್ಷಗಟ್ಟಲೆ ಬಿಗಿದ ನಾಳಗಳಲ್ಲಿ ರಕ್ತಕ್ಕೆ ಜಾಗವೇ ಕಡಿಮೆಯಾಗಿ, ದೇಹ ಅಷ್ಟಕ್ಕೇ ಒಗ್ಗಿಕೊಂಡು ರಕ್ತದ ಒಟ್ಟು ಪ್ರಮಾಣವನ್ನು ಇಳಿಸಿಕೊಂಡಿದೆ, ಈಗ ಮಾತ್ರೆ ನಾಳಗಳನ್ನು ಅಗಲಿಸಿದೆ, ಆದರೆ ತುಂಬಲು ಬೇಕಾದ ದ್ರವ ಒಳಗಿಲ್ಲ. ಅದಕ್ಕಾಗಿಯೇ ನೀರು ಮತ್ತು ಉಪ್ಪನ್ನು ಹೆಚ್ಚಿಸಬೇಕು. ಈ ಸಲಹೆಯನ್ನು ಮನೆಯಲ್ಲಿ ಒಪ್ಪಿಸುವುದು ನನಗೆ ಮಾತ್ರೆಗಿಂತ ಕಷ್ಟವಾಯಿತು. ಬಿ.ಪಿ. ಇರುವವರಿಗೆ ಉಪ್ಪು ವಿಷ ಎಂದು ಕೇಳಿಕೊಂಡೇ ಬೆಳೆದವರು ನಾವು. ಅಮ್ಮ ನನ್ನ ತಟ್ಟೆಯ ಪಕ್ಕದಿಂದ ಉಪ್ಪಿನ ಡಬ್ಬಿಯನ್ನು ಎರಡು ಸಲ ಎತ್ತಿ ಒಳಗಿಟ್ಟರು; ಕೊನೆಗೆ ತಜ್ಞೆಯ ಕೈಬರಹದ ಚೀಟಿಯನ್ನು ಓದಿ ಹೇಳಿದ ಮೇಲೆಯೇ ತಂದಿಟ್ಟರು. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂಬುದನ್ನೂ ಅವರು ಹೇಳಿದ್ದರು. ನನ್ನ ಹೃದಯದ ಎಕೋ ಪರೀಕ್ಷೆಯನ್ನು ಮೊದಲೇ ಮಾಡಿಸಿದ್ದು ಇದಕ್ಕಾಗಿಯೂ ಹೌದು, ಅಡ್ರಿನಾಲಿನ್ ಹೃದಯದ ಸ್ನಾಯುವನ್ನೇ ಕೆಡಿಸಿರಬಹುದೆಂಬ ಕಾರಣಕ್ಕೂ ಹೌದು. ಎರಡು ವಾರಗಳಲ್ಲಿ ನನ್ನ ತೂಕ ಎರಡು ಕಿಲೋ ಏರಿತು. ಅದು ಒಳ್ಳೆಯ ಸುದ್ದಿಯೆಂದು ಅವರು ನಕ್ಕರು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ನೋಟ್‌ಬುಕ್. ಅದರಲ್ಲಿ ಎರಡು ಅಂಕಣಗಳು: ಕುಳಿತಾಗ, ನಿಂತಾಗ. ಐದು ನಿಮಿಷ ಸುಮ್ಮನೆ ಕುಳಿತು ಒಮ್ಮೆ, ಎದ್ದು ನಿಂತು ಒಂದೆರಡು ನಿಮಿಷಗಳ ನಂತರ ಒಮ್ಮೆ, ದಿನಕ್ಕೆ ನಾಲ್ಕು ಹೊತ್ತು ಅಳೆದು, ನಾಡಿಬಡಿತದೊಂದಿಗೆ ಬರೆಯುತ್ತಿದ್ದೆ. ಕುಳಿತಾಗ 130/80ಕ್ಕಿಂತ ಕೆಳಗೆ ಬರಬೇಕು, ನಿಂತಾಗ ಮೇಲಿನ ಅಂಕಿ 90ಕ್ಕಿಂತ ಕೆಳಗೆ ಹೋಗಬಾರದು, ನಾಡಿ ಕುಳಿತಾಗ 60ರಿಂದ 70, ನಿಂತಾಗ 70ರಿಂದ 80 ಇರಬೇಕು ಎಂಬುದು ನನಗೆ ಕೊಟ್ಟ ಗುರಿ. ನಿಂತಾಗ ತುಸು ಇಳಿಯುವುದು ತಪ್ಪಲ್ಲ, ಅದು ಆಲ್ಫಾ ಗ್ರಾಹಕಗಳು ಮುಚ್ಚಿವೆ ಎಂಬುದಕ್ಕೆ ಸಾಕ್ಷಿ. ಶಸ್ತ್ರಚಿಕಿತ್ಸೆಗೆ ರೋಗಿ ಸಿದ್ಧನೇ ಎಂದು ತೂಗಲು 1982ರಿಂದ ಬಳಕೆಯಲ್ಲಿರುವ ರೋಯ್ಜನ್ ಮಾನದಂಡವೂ ಇಂಥದ್ದೇ: ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒತ್ತಡ 160/90 ದಾಟಿರಬಾರದು, ನಿಂತಾಗ 80/45ಕ್ಕಿಂತ ಇಳಿಯಬಾರದು, ಇಸಿಜಿಯಲ್ಲಿ ಹೊಸ ಏರುಪೇರು ಕಾಣಬಾರದು, ಹೃದಯದ ಅಕಾಲಿಕ ಬಡಿತಗಳು ಐದು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚಿರಬಾರದು.

ಹದಿನಾಲ್ಕನೆಯ ದಿನ ಭರ್ತಿಯಾಗಬೇಕಿತ್ತು. ರಕ್ತದೊತ್ತಡ ಗುರಿ ಮುಟ್ಟಿತ್ತು, ಆದರೆ ನಾಳಗಳು ಸಡಿಲವಾದುದಕ್ಕೆ ಉತ್ತರವೆಂಬಂತೆ ನಾಡಿ 112ಕ್ಕೆ ಏರಿ ಕುಳಿತಿತ್ತು. ಅರಿವಳಿಕೆ ತಜ್ಞರು ನೋಟ್‌ಬುಕ್ಕಿನ ಹಾಳೆಗಳನ್ನು ತಿರುವಿ, ದಿನವನ್ನು ಎಂಟು ದಿನ ಮುಂದೂಡಿದರು. ಆಲ್ಫಾ ಬ್ಲಾಕರ್ ಸಾಕಷ್ಟು ದಿನ ನಡೆದಿದ್ದುದರಿಂದ ಈಗ, ಈಗ ಮಾತ್ರ, ಬೀಟಾ ಬ್ಲಾಕರ್ ಸೇರಿಸಿದರು. ವರ್ಷದ ಹಿಂದೆ ನನ್ನನ್ನು ತುರ್ತು ಚಿಕಿತ್ಸೆಗೆ ಓಡಿಸಿದ್ದ ಅದೇ ಗುಂಪಿನ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆ. ನುಂಗಿದ ಮೇಲೆ ಅರ್ಧ ಗಂಟೆಗೊಮ್ಮೆ ಅಳೆದೆ. ಏನೂ ಆಗಲಿಲ್ಲ. ನಾಲ್ಕು ದಿನಗಳಲ್ಲಿ ನಾಡಿ 74ಕ್ಕೆ ಬಂತು.

ಮುಂದೂಡಿಕೆಯಿಂದ ಕಾಗದಪತ್ರಗಳ ತೊಂದರೆಯೂ ಎದುರಾಯಿತು. ವಿಮೆಯ ಅನುಮತಿ ಪತ್ರಕ್ಕೆ ಅವಧಿಯಿತ್ತು, ಅದು ಮುಗಿದು ಮತ್ತೆ ಅರ್ಜಿ ಹಾಕಬೇಕಾಯಿತು. ಉದರದರ್ಶಕದಿಂದ (ಲ್ಯಾಪರೋಸ್ಕೋಪ್) ಮಾಡುವ ಸಣ್ಣ ಶಸ್ತ್ರಚಿಕಿತ್ಸೆಗೆ ಎರಡು ದಿನ ಮುಂಚೆ ಭರ್ತಿ ಏಕೆ, ತೀವ್ರ ನಿಗಾ ಘಟಕ ಏಕೆ ಎಂದು ವಿಮೆಯವರು ಕೇಳಿದರು. ಶಸ್ತ್ರಚಿಕಿತ್ಸೆಯ ವೇಳೆ ರಕ್ತದೊತ್ತಡದ ತೀವ್ರ ಏರಿಳಿತ ನಿರೀಕ್ಷಿತ, ಆದ್ದರಿಂದ ನಿಗಾ ಘಟಕ ಅನಿವಾರ್ಯ ಎಂದು ತಜ್ಞೆ ಬರೆದ ಒಂದು ಪುಟದ ಪತ್ರದಿಂದ ಅದು ಬಗೆಹರಿಯಿತು. ಅಂಥ ಪತ್ರವನ್ನು ಮೊದಲೇ ಕೇಳಿ ಪಡೆದುಕೊಳ್ಳಿ. ಖರ್ಚಿನ ಅಂದಾಜು ಹಾಕುವಾಗ ಶಸ್ತ್ರಚಿಕಿತ್ಸೆಯೊಂದನ್ನೇ ನೋಡಬೇಡಿ: ನಿಗಾ ಘಟಕದ ಪ್ರತಿ ದಿನ, ಕಾಯ್ದಿರಿಸಿದ ರಕ್ತ, ಮತ್ತೆ ಮಾಡಿಸುವ ಹಾರ್ಮೋನು ಪರೀಕ್ಷೆ, ವಂಶವಾಹಿ ಪರೀಕ್ಷೆ, ಕೆಲಸಕ್ಕೆ ಹಾಕುವ ರಜೆ, ಇವೆಲ್ಲ ಸೇರಿದಾಗಲೇ ಮೊತ್ತ ತಿಳಿಯುವುದು.

ಭರ್ತಿಯಾದ ಸಂಜೆ ಅರಿವಳಿಕೆ ತಜ್ಞರು ಮುಕ್ಕಾಲು ಗಂಟೆ ನನ್ನ ಪಕ್ಕದಲ್ಲಿ ಕುಳಿತು ಮಾತನಾಡಿದರು. ಇಡೀ ಪ್ರಯಾಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಆ ಮುಕ್ಕಾಲು ಗಂಟೆ. ಉಸಿರಾಟದ ಕೊಳವೆ ಇಳಿಸುವಾಗ, ಚರ್ಮ ಕೊಯ್ಯುವಾಗ, ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುವಾಗ, ಎಲ್ಲಕ್ಕಿಂತ ಹೆಚ್ಚಾಗಿ ಗಡ್ಡೆಯನ್ನು ಸುತ್ತಲಿನಿಂದ ಬಿಡಿಸುವಾಗ ಒತ್ತಡ ಏರುತ್ತದೆ; ಗಡ್ಡೆಯ ಅಭಿಧಮನಿಯನ್ನು ಕಟ್ಟಿದೊಡನೆ ಇಳಿಯುತ್ತದೆ. ನನ್ನದು ಬಲಗಡೆಯದಾದ್ದರಿಂದ ಆ ಅಭಿಧಮನಿ ಬಹಳ ಗಿಡ್ಡ, ನೇರವಾಗಿ ಮಹಾಭಿಧಮನಿಗೇ ಸೇರುತ್ತದೆ, ಆದ್ದರಿಂದ ಅಲ್ಲಿ ಅವಸರ ಸಲ್ಲದು. ಏರಿದಾಗ ಇಳಿಸುವ ಔಷಧವೂ ಇಳಿದಾಗ ಏರಿಸುವ ಔಷಧವೂ ಮೊದಲೇ ಪಂಪುಗಳಲ್ಲಿ ತುಂಬಿ ಸಿದ್ಧವಾಗಿರುತ್ತವೆ, ಗಡ್ಡೆಯನ್ನು ಮುಟ್ಟುವ ಮೊದಲು ಮತ್ತು ನಾಳ ಕಟ್ಟುವ ಮೊದಲು ಶಸ್ತ್ರವೈದ್ಯರು ಗಟ್ಟಿಯಾಗಿ ಹೇಳುತ್ತಾರೆ, ಏರಿಕೆ ಹತೋಟಿಗೆ ಬಾರದಿದ್ದರೆ ಕೈ ತೆಗೆದು ಕಾಯುತ್ತಾರೆ ಎಂದರು. 1926ರಲ್ಲಿ ಸೆಜಾರ್ ರೂ ಮತ್ತು ಚಾರ್ಲ್ಸ್ ಮೇಯೋ ಎಂಬ ಶಸ್ತ್ರವೈದ್ಯರು ಬೇರೆ ಬೇರೆ ದೇಶಗಳಲ್ಲಿ ಇಂಥ ಗಡ್ಡೆಯನ್ನು ಮೊದಲು ಯಶಸ್ವಿಯಾಗಿ ತೆಗೆದಾಗ ಈ ಔಷಧಗಳಾವುವೂ ಇರಲಿಲ್ಲ ಎಂದೂ ಹೇಳಿದರು. ಸಮ್ಮತಿ ಪತ್ರದಲ್ಲಿ ಪಾರ್ಶ್ವವಾಯು, ಹೃದಯಾಘಾತ ಎಂಬ ಶಬ್ದಗಳಿದ್ದವು. ಅಷ್ಟೆಲ್ಲ ಕೇಳಿದ ಮೇಲೂ ಸಹಿ ಹಾಕುವಾಗ ಕೈ ನಡುಗಿತು.

ಬೆಳಗ್ಗೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಾನಿನ್ನೂ ಎಚ್ಚರವಿರುವಾಗಲೇ ಮಣಿಕಟ್ಟನ್ನು ಮರಗಟ್ಟಿಸಿ ಅಪಧಮನಿಯೊಳಗೆ ಸಣ್ಣ ಕೊಳವೆ ಇಳಿಸಿದರು. ತೋಳಿಗೆ ಕಟ್ಟುವ ಪಟ್ಟಿ ನಿಮಿಷಗಳಿಗೊಮ್ಮೆ ಅಳೆಯುತ್ತದೆ, ಇದು ಪ್ರತಿ ಬಡಿತವನ್ನೂ ಅಳೆಯುತ್ತದೆ. ತಲೆ ಹೊರಳಿಸಿದರೆ ಪರದೆಯ ಮೇಲೆ ಕೆಂಪು ಅಲೆಯೊಂದು ಓಡುತ್ತಿತ್ತು, ಪಕ್ಕದಲ್ಲಿ 118/72. ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಏರಿಳಿದ ನನ್ನ ರಕ್ತದೊತ್ತಡವನ್ನು ಇನ್ನು ಒಂದು ಬಡಿತವೂ ಬಿಡದಂತೆ ಯಾರೋ ನೋಡುತ್ತಿರುತ್ತಾರೆ ಎಂಬ ನೆಮ್ಮದಿಯಲ್ಲೇ ಕಣ್ಣು ಮುಚ್ಚಿದೆ.

ಒಳಗೆ ನಡೆದದ್ದನ್ನು ನಾನು ನೋಡಿದ್ದು ಮೂರು ದಿನಗಳ ನಂತರ, ಕಾಗದದ ಮೇಲೆ. ಕೇಳಿಕೊಂಡದ್ದಕ್ಕೆ ಅರಿವಳಿಕೆ ತಜ್ಞರು ದಾಖಲೆಯ ಹಾಳೆಯನ್ನು ತಂದು ಬೆರಳಿಟ್ಟು ತೋರಿಸಿದರು. ಕೊಳವೆ ಇಳಿಸಿದಾಗ 148. ಅನಿಲ ತುಂಬಿದಾಗ 171. ಅಲ್ಲಿಂದ ಮುಂದೆ ಗೆರೆ ಗರಗಸದ ಹಲ್ಲಿನಂತಿತ್ತು: ಗಡ್ಡೆಯನ್ನು ಯಕೃತ್ತಿನ ಕಡೆಯಿಂದ ಬಿಡಿಸುವಾಗ 226ಕ್ಕೆ ಹಾರಿತ್ತು, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ನೈಟ್ರೊಪ್ರುಸೈಡ್, ಮೆಗ್ನೀಶಿಯಂ, ಎಸ್ಮೊಲಾಲ್ ಎಂಬ ಔಷಧಗಳ ಹೆಸರುಗಳೂ ಗಂಟೆ ನಿಮಿಷಗಳೂ ಇದ್ದವು. ಎರಡು ಕಡೆ ಶಸ್ತ್ರವೈದ್ಯರು ಕೈ ತೆಗೆದು ನಿಂತದ್ದನ್ನೂ ಗುರುತು ಹಾಕಿದ್ದರು, ಒಮ್ಮೆ ನಾಲ್ಕು ನಿಮಿಷ, ಒಮ್ಮೆ ಆರು. ನಂತರ ಒಂದು ಲಂಬ ಗೆರೆ, ಅದರ ಪಕ್ಕದಲ್ಲಿ "ನಾಳ ಕಟ್ಟಿದ್ದು". ಅದಾದ ಮೂರು ನಿಮಿಷಗಳಲ್ಲಿ ಅಂಕಿ 76. ಅಡ್ರಿನಾಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಬುಗ್ಗೆ ಮುಚ್ಚಿದೊಡನೆ ಅದರ ಬಲವೂ ಮುಗಿಯುತ್ತದೆ, ಇತ್ತ ಮಾತ್ರೆಯಿಂದ ಸಡಿಲಗೊಂಡ ನಾಳಗಳು ಹಾಗೆಯೇ ಇರುತ್ತವೆ. ದ್ರವವನ್ನು ವೇಗವಾಗಿ ಹರಿಸಿ, ನಾರ್‌ಅಡ್ರಿನಾಲಿನ್ ಪಂಪು ಹಚ್ಚಿ ಮೇಲೆತ್ತಿದ್ದರು. ಇಷ್ಟು ದಿನ ಯಾವುದರ ಹೆಚ್ಚಳದಿಂದ ಸಾಯುತ್ತೇನೆಂದು ಹೆದರಿದ್ದೆನೋ, ಅದನ್ನೇ ಹನಿಹನಿಯಾಗಿ ನನಗೆ ಹೊರಗಿನಿಂದ ಕೊಟ್ಟಿದ್ದರು. ಸಿದ್ಧತೆಯಿಲ್ಲದಿದ್ದರೆ ಈ 226 ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದೆ. ಅವರು ಉತ್ತರಿಸದೆ, ನನ್ನ ನೋಟ್‌ಬುಕ್ಕನ್ನು ಆ ಹಾಳೆಯ ಪಕ್ಕಕ್ಕೆ ಸರಿಸಿ ಇಟ್ಟರು.

ನಿಗಾ ಘಟಕದಲ್ಲಿ ಎರಡು ರಾತ್ರಿ ಕಳೆದೆ. ರಕ್ತದೊತ್ತಡ ಎತ್ತುವ ಪಂಪನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸಲು ಇಪ್ಪತ್ತೊಂದು ಗಂಟೆ ಹಿಡಿಯಿತು. ಫಿನಾಕ್ಸಿಬೆನ್ಜಮೈನ್ ಗ್ರಾಹಕಗಳಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುವುದರಿಂದ, ನಿಲ್ಲಿಸಿದ ಮೇಲೂ ಅದರ ಪರಿಣಾಮ ದಿನಗಟ್ಟಲೆ ಇರುತ್ತದಂತೆ. ನಾನು ನಿರೀಕ್ಷಿಸದೆ ಇದ್ದದ್ದು ಸಕ್ಕರೆಯ ವಿಷಯ. ಮೊದಲ ಸಂಜೆ ಮೈ ತಣ್ಣಗಾಗಿ ಬೆವರಿ ಎದೆ ಹೊಡೆದುಕೊಂಡಾಗ, ಗಡ್ಡೆ ಇನ್ನೂ ಒಳಗಿದೆಯೆಂದೇ ದಿಗಿಲಾಯಿತು. ದಾದಿ ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 56ಕ್ಕೆ ಇಳಿದಿತ್ತು. ಅಡ್ರಿನಾಲಿನ್ ಇಷ್ಟು ಕಾಲ ಇನ್ಸುಲಿನ್ ಅನ್ನು ಅದುಮಿಟ್ಟಿತ್ತು, ಅದು ಹೋದ ಕೂಡಲೇ ಇನ್ಸುಲಿನ್ ಉಕ್ಕಿದೆ. ಗ್ಲೂಕೋಸ್ ಕೊಟ್ಟು, ರಾತ್ರಿಯಿಡೀ ಗಂಟೆಗೊಮ್ಮೆ ನೋಡಿದರು. ನಿಮ್ಮ ಜೊತೆ ಇರುವವರಿಗೆ ಈ ವಿಷಯವನ್ನು ಮೊದಲೇ ಹೇಳಿಡಿ. ಶಸ್ತ್ರಚಿಕಿತ್ಸೆಯಾದ ರೋಗಿ ಮಂಕಾಗಿ ಮಲಗಿದ್ದರೆ ಅರಿವಳಿಕೆಯ ಮಂಪರು ಎಂದು ಸುಮ್ಮನಾಗದೆ ಸಕ್ಕರೆ ನೋಡಿದ್ದಾರೆಯೇ ಎಂದು ಕೇಳಲಿ.

ಆರನೆಯ ದಿನ ಮನೆಗೆ ಬಂದೆ. ಎಲ್ಲರಿಗೂ ನನ್ನಂತೆ ಮಾತ್ರೆಗಳು ಪೂರ್ತಿ ನಿಲ್ಲುವುದಿಲ್ಲ, ವರ್ಷಗಟ್ಟಲೆ ಒತ್ತಡ ಉಂಡ ನಾಳಗಳಿಂದಾಗಿ ಕೆಲವರಿಗೆ ಸಾಮಾನ್ಯ ಬಿ.ಪಿ. ಉಳಿದುಕೊಳ್ಳುತ್ತದೆ ಎಂದು ತಜ್ಞೆ ಹೇಳಿದರು. ಗಡ್ಡೆಯ ಪರೀಕ್ಷಾ ವರದಿಯಲ್ಲಿ ಹೆದರುವಂಥದ್ದೇನೂ ಇಲ್ಲ, ಆದರೂ ಈ ಜಾತಿಯ ಯಾವ ಗಡ್ಡೆಯನ್ನೂ ಇನ್ನೆಂದೂ ಮರಳದು ಎಂದು ಬರೆದುಕೊಡಲು ಬರುವುದಿಲ್ಲವಾದ್ದರಿಂದ ವರ್ಷಕ್ಕೊಮ್ಮೆ ಮೆಟಾನೆಫ್ರಿನ್ ಪರೀಕ್ಷೆ ತಪ್ಪಿಸಬಾರದು. ನಾಲ್ಕನೆಯ ವಾರ ಮಾಡಿಸಿದ್ದು, ಈ ಬಾರಿ ಅರ್ಧ ಗಂಟೆ ಮಲಗಿಯೇ ಕೊಟ್ಟದ್ದು, ಸಹಜ ಮಿತಿಯೊಳಗೆ ಬಂದಿದೆ. ಈ ಗಡ್ಡೆ ಇರುವವರಲ್ಲಿ ಮೂರರಲ್ಲಿ ಒಬ್ಬರಿಗೆ ಸುಮಾರಾಗಿ ವಂಶವಾಹಿಯಲ್ಲೇ ಕಾರಣವಿರುತ್ತದೆ. ನನ್ನ ಆ ವರದಿ ಇನ್ನೂ ಬರಬೇಕಿದೆ. ತಂಗಿಗೂ ಆಗಾಗ ತಲೆನೋವು, ಬೆವರು. ವರದಿ ಬರುವವರೆಗೆ ಕಾಯುವುದು ಬೇಡವೆಂದು ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಅವಳ ಹೆಸರು ಬರೆದು, ಕುಳಿತಾಗ ಮತ್ತು ನಿಂತಾಗ ಎಂದು ಎರಡು ಅಂಕಣಗಳ ಗೆರೆ ಎಳೆದು, ಯಂತ್ರದ ಜೊತೆ ಕಳಿಸಿಕೊಟ್ಟಿದ್ದೇನೆ.